ಕರ್ನಲ್ ಮೆಕೆಂಜಿಯ ಮೋಜಣಿಯೂ ಮಲೆನಾಡಿನ ನೆಲವೂ

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಎಲ್ಲೆಗಳನ್ನು ನಿರ್ಧರಿಸಿ ನಕಾಶೆ ತಯಾರಿಸುವ ಕಾರ್ಯವು ಕಾಲಿನ್ ಮೆಕೆಂಜಿಗೆ ಒಪ್ಪಿಸಲ್ಪಟ್ಟಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನಾದ ಈತನು 1783ರಲ್ಲಿ ಭಾರತಕ್ಕೆ ಬಂದು ಕಂಪನಿಯ ಸೈನ್ಯದಲ್ಲಿ ಇಂಜಿನಿಯರನಾದನು. 1800ರಲ್ಲಿ ಮೈಸೂರಿನ ಮೋಜಣಿಯನ್ನು ಆರಂಭಿಸಿ, ಸುಮಾರು 40,000 ಚದರ ಮೈಲಿಗಳ ಪ್ರದೇಶವನ್ನು ಅಳೆಯಿಸಿದನು. 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಮೃತನಾದನು. ಈ ಪದವಿಗಳಿಗಿಂತ ಆತನ ಕಾರ್ಯವಿಧಾನವೇ ಹೆಚ್ಚು ವಿಚಾರಾರ್ಹವೆಂದು ನಾವು ಭಾವಿಸುತ್ತೇವೆ.

ಮೈಸೂರಿನ ಪಶ್ಚಿಮದ ಅಂಚಿನಲ್ಲಿರುವ ಕೊಪ್ಪ, ಶೃಂಗೇರಿ, ಮತ್ತು ಹಿಂದೆ ಎಡೆಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಭೂಮಿಯನ್ನು ಗಮನಿಸಿದರೆ ಇದರ ಕಾರಣವು ಸ್ಪಷ್ಟವಾಗುವುದು. ಇಲ್ಲಿ ಕಣಿವೆಯ ತಳದಲ್ಲಿ ಗದ್ದೆ, ಅದರ ಮಗ್ಗುಲಲ್ಲಿ ಅಡಕೆಯ ತೋಟ, ಮೇಲೆ ತೋಟಕ್ಕೆ ಗೊಬ್ಬರವನ್ನೊದಗಿಸುವ ಸೊಪ್ಪಿನ ಬೆಟ್ಟ. ಬೆಟ್ಟವಿಲ್ಲದೆ ತೋಟವು ಉಳಿಯದು. ಗದ್ದೆಯ ಪ್ರಮಾಣವನ್ನು ಬಿತ್ತುವ ಬೀಜದ ಖಂಡುಗದಿಂದ ಹೇಳುವುದು ರೂಢಿ. ಕೆಳದಿಯ ಶಿವಪ್ಪನಾಯಕನು (1645–1660) ಪ್ರತಿ ಗ್ರಾಮದಲ್ಲಿಯೂ ಬಗೆಬಗೆಯ ನೆಲವನ್ನು ಹನ್ನೆರಡು ವರ್ಷ ತಾನೇ ಸಾಗುವಳಿ ಮಾಡಿಸಿ, ಸರಾಸರಿ ಉತ್ಪತ್ತಿಯ ಮೂರನೆಯ ಒಂದಂಶವನ್ನು ಸರ್ಕಾರದ ಪಾಲೆಂದು ಗೊತ್ತುಮಾಡಿದನೆಂದು ರೈಸರ ಗ್ಯಾಸೆಟಿಯರು ತಿಳಿಸುತ್ತದೆ. ಇದೇ ಪ್ರಸಿದ್ಧವಾದ ಶಿಸ್ತು. ಇಂತಹ ನೆಲವನ್ನು ಅರಿಯುವುದಕ್ಕೆ ಸರಪಳಿಯೊಂದೇ ಸಾಲದು; ಊರಿನ ನೆನಪೂ ಕಡತವೂ ಬೇಕು.

ಮೆಕೆಂಜಿಯು ದೇಶಭಾಷೆಗಳನ್ನು ಬಲ್ಲವನಾಗಿರಲಿಲ್ಲ. ಇದನ್ನು ಆತನೇ ಒಪ್ಪಿಕೊಂಡಿದ್ದಾನೆ. ಆದುದರಿಂದ ಕಾವಲಿ ವೆಂಕಟ ಬೊರ್ರಯ್ಯ, ಬೊರ್ರಯ್ಯನು 1803ರಲ್ಲಿ ತೀರಿಕೊಂಡ ಮೇಲೆ ಆತನ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಕ್ಷೆಗಳು 79, ಸ್ಥಳವೃತ್ತಾಂತಗಳು 2,070, ಶಾಸನಗಳು 8,076. ದಕ್ಷಿಣ ದೇಶದಲ್ಲೆಲ್ಲ ನಡೆದ ಸಂಗ್ರಹದ ಮೊತ್ತವಿದು. ಈ ವಿದ್ವಾಂಸರ ಶ್ರಮವು ಒಬ್ಬನ ಹೆಸರಿನಲ್ಲಿ ಮುಚ್ಚಿಹೋಗಿರುವುದು ಅನ್ಯಾಯವೆಂದೇ ಹೇಳಬೇಕು.

ಅಳತೆಯೂ ವೃತ್ತಾಂತವೂ ಜೊತೆಗೂಡಿದ್ದರೂ, ಆ ತಿಳಿವಳಿಕೆಯು ಆಡಳಿತವನ್ನು ತಿದ್ದಲಿಲ್ಲ. ಮೆಕೆಂಜಿ ಮೃತನಾಗಿ ಹತ್ತು ವರ್ಷ ತುಂಬುವುದರೊಳಗೆ ನಗರ ಸೀಮೆಯ ರೈತರು ದಂಗೆಯೆದ್ದರು. 1830–31ರ ಆ ದಂಗೆಗೆ ಕಂದಾಯದ ಹೊರೆಯು ಮುಖ್ಯ ಕಾರಣಗಳಲ್ಲೊಂದು. 1831ರಲ್ಲಿ ಮೈಸೂರಿನ ಆಡಳಿತವೇ ಬ್ರಿಟಿಷರ ವಶವಾಯಿತು. ನೆಲವನ್ನು ಅಳೆದವರ ಚರಿತ್ರೆಯನ್ನು ಓದುವಾಗ, ಆ ನೆಲವನ್ನು ಉತ್ತವರು ಹೇಳಿದುದನ್ನೂ ಕೂಡಿಯೇ ಓದಬೇಕೆಂದು ವಿದ್ಯಾರ್ಥಿಗಳಲ್ಲಿ ನಮ್ಮ ವಿಜ್ಞಾಪನೆ.