ಅಳತೆಗೋಲಿನ ಚರಿತ್ರೆ: ಯಾದಗಿರಿ, ಶಹಾಪುರ, ಸುರಪುರ

ಕಾರ್ಖಾನೆಯೊಂದರ ದಕ್ಷತೆಯನ್ನು ಅದೇ ಉದ್ಯಮದ ಇತರ ಕಾರ್ಖಾನೆಗಳೊಡನೆ ಹೋಲಿಸಿ ಅಳೆಯುವ ಕ್ರಮವು ಕಾಲಾಂತರದಲ್ಲಿ ಸರ್ಕಾರದ ಆಡಳಿತಕ್ಕೂ ವ್ಯಾಪಿಸಿತು. ಇಂದು ಜಿಲ್ಲೆಗಳೂ ತಾಲ್ಲೂಕುಗಳೂ ಸೂಚ್ಯಂಕಗಳ ಮೂಲಕ ಪರಸ್ಪರ ಹೋಲಿಕೆಗೆ ಒಳಗಾಗುತ್ತಿವೆ. ಕರ್ನಾಟಕದಲ್ಲಿ ಇಂತಹ ಪಟ್ಟಿಗಳ ಕೊನೆಯ ಸಾಲುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಹೆಸರುಗಳಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಸೇರಿವೆ. ಈ ಸೀಮೆಯನ್ನು ಯಾರು, ಯಾವ ಉದ್ದೇಶದಿಂದ ಅಳೆದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಆಶಯ.

ಹತ್ತೊಂಬತ್ತನೆಯ ಶತಮಾನದ ಅಳತೆಯ ಕೇಂದ್ರದಲ್ಲಿದ್ದುದು ಕಂದಾಯ. 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಮುಂದಿದ್ದ ಮುಖ್ಯ ಕೆಲಸಗಳಲ್ಲಿ ಸಂಸ್ಥಾನದ ಹಣಕಾಸನ್ನು ಸರಿಪಡಿಸುವುದೂ ಒಂದು. ನಿಜಾಮನಿಗೆ ಸಲ್ಲಬೇಕಾದ ಕಪ್ಪದ ಬಾಕಿ ಸಂಸ್ಥಾನದ ಮೇಲೆ ಹೊರೆಯಾಗಿತ್ತು. ರಾಜಾ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಬಂಡೆದ್ದು 1858ರಲ್ಲಿ ಮೃತನಾದ ಬಳಿಕ ಸಂಸ್ಥಾನವು ನಿಜಾಮನ ಆಳ್ವಿಕೆಗೆ ಸೇರಿತು. ಆಳುವವರು ಬದಲಾದರೂ ನೆಲವು ಎಷ್ಟು ಕೊಡಬಲ್ಲದು ಎಂಬ ಪ್ರಶ್ನೆ ಬದಲಾಗಲಿಲ್ಲ. ಆ ಲೆಕ್ಕದಲ್ಲಿ ಸಾಲಗಾರ ರೈತ. ಸಾಲ ಕೊಟ್ಟವನು ಪ್ರಭುತ್ವ.

ಈ ಲೆಕ್ಕವನ್ನು ತಿರುಗಿಸಿಟ್ಟದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಮಹತ್ವ. ಪ್ರಾದೇಶಿಕ ಅಸಮಾನತೆಯ ನಿವಾರಣೆಗಾಗಿ 2000ದಲ್ಲಿ ನೇಮಕಗೊಂಡ ಈ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ಅದು 35 ಸೂಚಕಗಳನ್ನು ಆಯ್ದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅಂದಿನ 175 ತಾಲ್ಲೂಕುಗಳನ್ನು ತೂಗಿ ನೋಡಿತು. ಒಂದಕ್ಕಿಂತ ಕೆಳಗಿಳಿದ 114 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು ಎನಿಸಿದವು. ಇವುಗಳಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದು, ಯಾದಗಿರಿ, ಶಹಾಪುರ, ಸುರಪುರ ಮೂರೂ ಅದರಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಹೀಗೆ ಒಂದಕ್ಕೂ ತಾಲ್ಲೂಕಿನ ಅಂಕಕ್ಕೂ ನಡುವಿನ ಅಂತರವು ಪ್ರಭುತ್ವವು ಜನತೆಗೆ ತೀರಿಸಬೇಕಾದ ಬಾಕಿಯಾಯಿತು.

ಆದರೆ ಒಂದೇ ವರ್ಗದಲ್ಲಿ ಸೇರಿದ ಈ ಮೂರು ತಾಲ್ಲೂಕುಗಳ ಕೊರತೆ ಒಂದೇ ಬಗೆಯದಲ್ಲ. ಮುಂಬಯಿ–ಮದ್ರಾಸು ರೈಲುಮಾರ್ಗವು 1871ರಲ್ಲಿಯೇ ಯಾದಗಿರಿಯನ್ನು ಹಾದುಹೋಯಿತು; ಸುರಪುರ, ಶಹಾಪುರ ಪಟ್ಟಣಗಳು ಆ ಮಾರ್ಗದಿಂದ ದೂರ ಉಳಿದವು. ಪ್ರತಿಯಾಗಿ, ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯು ಸುರಪುರ ಮತ್ತು ಶಹಾಪುರಗಳ ಒಣನೆಲಕ್ಕೆ ಕೃಷ್ಣೆಯ ನೀರನ್ನು ತಂದು ಜೋಳದ ಹೊಲಗಳನ್ನು ಭತ್ತದ ಗದ್ದೆಗಳಾಗಿಸಿತು. ಒಂದೆಡೆ ರೈಲು, ಇನ್ನೊಂದೆಡೆ ನೀರು. ಸಂಯುಕ್ತ ಸೂಚ್ಯಂಕವು ಇವೆರಡನ್ನೂ ಒಂದೇ ಅಂಕಿಯಲ್ಲಿ ಕರಗಿಸುತ್ತದೆ. ಪರಿಹಾರವನ್ನು ಯೋಜಿಸುವವರು ಆ ಅಂಕಿಯನ್ನು ಮತ್ತೆ ಬಿಡಿಸಿ ಓದಬೇಕಾಗುತ್ತದೆ.

2009ರ ಡಿಸೆಂಬರಿನಲ್ಲಿ ಈ ಮೂರು ತಾಲ್ಲೂಕುಗಳನ್ನು ಕೂಡಿಸಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ಯಾದಗಿರಿಯದು 51.83, ಇದು ರಾಜ್ಯದಲ್ಲಿಯೇ ಕನಿಷ್ಠ. 2018ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ. ಇಲ್ಲಿಯ 49 ಸೂಚಕಗಳು ಸಾಧನೆಯ ಮಟ್ಟಕ್ಕಿಂತ ಸುಧಾರಣೆಯ ವೇಗಕ್ಕೆ ಹೆಚ್ಚಿನ ಬೆಲೆ ಕೊಟ್ಟವು. ಈ ವ್ಯತ್ಯಾಸ ಗಮನಾರ್ಹವಾದುದು. ಸರಾಸರಿಯನ್ನೇ ಮಾನದಂಡವಾಗಿಸಿದಾಗ, ತಾಲ್ಲೂಕು ಮುಂದೆ ಸಾಗಿದರೂ ಸರಾಸರಿಯೂ ಅಷ್ಟೇ ಸಾಗಿದ್ದರೆ ಅದರ ಸ್ಥಾನ ಕದಲುವುದಿಲ್ಲ. ವೇಗವನ್ನಷ್ಟೇ ಎಣಿಸಿದಾಗ, ಉಳಿದಿರುವ ಅಂತರವು ಕಣ್ಮರೆಯಾಗುವ ಅಪಾಯವಿದೆ.

ಅಳತೆಯ ಸನ್ನಿವೇಶವೂ ಫಲಿತಾಂಶವನ್ನು ಬದಲಿಸುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ಶೇಕಡಾ 75.49ರಷ್ಟಿದ್ದ ಯಾದಗಿರಿಯ ಉತ್ತೀರ್ಣತೆ 2024ರಲ್ಲಿ 50.59ಕ್ಕೆ ಕುಸಿಯಿತು, ಎರಡೂ ವರ್ಷ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ನಿಗಾ ಜಾರಿಗೆ ಬಂದಿದ್ದು, ರಾಜ್ಯದ ಫಲಿತಾಂಶವೂ ಇಳಿದಿತ್ತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಇಷ್ಟು ಕುಗ್ಗಿತೆನ್ನುವುದಕ್ಕಿಂತ, ಹಿಂದಿನ ಅಂಕಿಗಳು ಕೊರತೆಯನ್ನು ಮರೆಮಾಚಿದ್ದವೇ ಎಂದು ಕೇಳುವುದು ಸಮಂಜಸ. ಹಾಗಿದ್ದಲ್ಲಿ, ಅದರ ಬೆಲೆ ತೆತ್ತವರು ಸಕಾಲದಲ್ಲಿ ನೆರವು ದೊರೆಯದ ವಿದ್ಯಾರ್ಥಿಗಳೇ.

ಹೋಲಿಕೆಯ ಅಂಕಿಅಂಶಗಳನ್ನು ತಿರಸ್ಕರಿಸುವುದು ಇದಕ್ಕೆ ಉತ್ತರವಲ್ಲ. ನಂಜುಂಡಪ್ಪ ವರದಿಯ ಅಂಕಿಗಳಿಲ್ಲದೆ ಈ ಸೀಮೆಯ ಬೇಡಿಕೆಗೆ ಅಷ್ಟೊಂದು ಬಲ ಬರುತ್ತಿರಲಿಲ್ಲ. ಆದರೆ ಕೊನೆಯ ಸ್ಥಾನವೆಂಬುದು ಊರಿಗೆ ಅಂಟಿಸುವ ಹಣೆಪಟ್ಟಿಯಾದರೆ, ಅಳತೆಗೋಲು ಮತ್ತೆ ಹಳೆಯ ಕಂದಾಯದ ಕೋಲಾಗಿ ಜನರನ್ನೇ ಸಾಲಗಾರರನ್ನಾಗಿಸುತ್ತದೆ. ತೀರದ ಬಾಕಿ ಎಷ್ಟು, ಅದನ್ನು ತೀರಿಸಬೇಕಾದವರು ಯಾರು ಎಂಬುದನ್ನು ನೆನಪಿಸುವವರೆಗೆ ಮಾತ್ರ ಇಂತಹ ಪಟ್ಟಿಗಳು ಸಾರ್ಥಕ.