ಖಾಕಿಯಿಂದ ಚುನಾವಣಾ ಕಣಕ್ಕೆ: ಮಾಜಿ ಪೊಲೀಸ್ ಅಧಿಕಾರಿ ವಿಧಾನಸಭೆಗೆ ಸ್ಪರ್ಧಿಸುವಾಗ

ಪೊಲೀಸ್ ಅಧಿಕಾರಿಯೊಬ್ಬರು ಸಮವಸ್ತ್ರ ಕಳಚಿ ವಿಧಾನಸಭೆ ಚುನಾವಣೆಗೆ ನಿಲ್ಲುವುದು ಕರ್ನಾಟಕಕ್ಕೆ ಹೊಸದೇನಲ್ಲ. 2004ರಲ್ಲಿ ಹಿರೇಕೆರೂರಿನಿಂದ ಗೆದ್ದ ಬಿ.ಸಿ. ಪಾಟೀಲರಿಂದ ಹಿಡಿದು 2023ರಲ್ಲಿ ಚಾಮರಾಜಪೇಟೆಯಲ್ಲಿ ಸೋತ ಬೆಂಗಳೂರಿನ ಮಾಜಿ ಪೊಲೀಸ್ ಆಯುಕ್ತ ಭಾಸ್ಕರ ರಾವ್ ಅವರವರೆಗೆ ಈ ದಾರಿಯಲ್ಲಿ ನಡೆದವರು ಹಲವರು. ಪ್ರತಿ ಚುನಾವಣೆ ಸಮೀಪಿಸಿದಾಗಲೂ ಜನರಲ್ಲಿ ಒಂದೇ ಬಗೆಯ ಪ್ರಶ್ನೆಗಳು ಏಳುತ್ತವೆ. ನಿನ್ನೆಯವರೆಗೆ ಲಾಠಿ ಹಿಡಿದಿದ್ದವರು ಇಂದು ಮತ ಕೇಳಬಹುದೇ? ಅದಕ್ಕೆ ಕಾನೂನಿನ ತಡೆ ಇದೆಯೇ? ಠಾಣೆಯಲ್ಲಿ ಗಳಿಸಿದ ಹೆಸರು ಮತಪೆಟ್ಟಿಗೆಯಲ್ಲಿ ಕೈಹಿಡಿಯುತ್ತದೆಯೇ? ಈ ಕುರಿತ ಮುಖ್ಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಕಾನೂನಿನ ನೆಲೆ

ರಾಜ್ಯ ವಿಧಾನಸಭೆಗೆ ಸ್ಪರ್ಧಿಸುವವರ ಅರ್ಹತೆಯನ್ನು ಸಂವಿಧಾನದ 173ನೇ ವಿಧಿ ಹೇಳುತ್ತದೆ. ಅಭ್ಯರ್ಥಿಯು ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು. ವಿಧಾನ ಪರಿಷತ್ತಿಗಾದರೆ 30 ವರ್ಷ. 1951ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಆತ ಆ ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಮತದಾರನೂ ಆಗಿರಬೇಕು. ಒಂದು ರಾಜ್ಯದಲ್ಲಿ ಸೇವೆ ಸಲ್ಲಿಸಿ ಮತ್ತೊಂದು ರಾಜ್ಯದಲ್ಲಿ ಸ್ಪರ್ಧಿಸಬಯಸುವ ಐಪಿಎಸ್ ಅಧಿಕಾರಿಗಳು ಇದನ್ನು ಮರೆಯುವಂತಿಲ್ಲ.

ಸಂವಿಧಾನದ 191ನೇ ವಿಧಿಯು ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರುವವರನ್ನು ಶಾಸಕ ಸ್ಥಾನಕ್ಕೆ ಅನರ್ಹಗೊಳಿಸುತ್ತದೆ. ಪೊಲೀಸ್ ಹುದ್ದೆ ಇದರ ವ್ಯಾಪ್ತಿಗೆ ಬರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅಂದರೆ ಹುದ್ದೆಯಲ್ಲಿದ್ದುಕೊಂಡು ಸ್ಪರ್ಧಿಸುವಂತಿಲ್ಲ. 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳೂ ಸೇವೆಯಲ್ಲಿರುವ ಅಧಿಕಾರಿಯು ರಾಜಕೀಯ ಪಕ್ಷದ ಸದಸ್ಯನಾಗುವುದನ್ನು, ಪ್ರಚಾರ ಮಾಡುವುದನ್ನು ನಿಷೇಧಿಸುತ್ತವೆ. ಮತ ಚಲಾಯಿಸುವ ಹಕ್ಕು ಮಾತ್ರ ಉಳಿದಿರುತ್ತದೆ.

ಆದರೆ ಹುದ್ದೆ ಬಿಟ್ಟ ಮರುದಿನವೇ ಪಕ್ಷ ಸೇರಲು, ನಾಮಪತ್ರ ಸಲ್ಲಿಸಲು ಕಾನೂನಿನ ಅಡ್ಡಿಯಿಲ್ಲ. ಈ ವಿಷಯದಲ್ಲಿ ವಿವಾದಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ರಾಜೀನಾಮೆಯೇ, ಸ್ವಯಂ ನಿವೃತ್ತಿಯೇ?

ಸೇವೆಯಿಂದ ಹೊರಬರಲು ಎರಡು ದಾರಿಗಳಿವೆ. ಒಂದು ರಾಜೀನಾಮೆ. ಇದರಲ್ಲಿ ಹಿಂದಿನ ಸೇವೆಯ ಫಲ, ಅಂದರೆ ಪಿಂಚಣಿ, ಕೈಬಿಟ್ಟು ಹೋಗುತ್ತದೆ. ಇನ್ನೊಂದು ಸ್ವಯಂ ನಿವೃತ್ತಿ. ಐಪಿಎಸ್ ಅಧಿಕಾರಿಗಳು 20 ವರ್ಷಗಳ ಅರ್ಹ ಸೇವೆಯ ಬಳಿಕ ಮೂರು ತಿಂಗಳ ಮುಂಗಡ ಸೂಚನೆ ನೀಡಿ ಇದನ್ನು ಕೋರಬಹುದು. ಪಿಂಚಣಿ ಉಳಿಯುತ್ತದೆ. ಮೂರು ತಿಂಗಳ ಈ ಅವಧಿಯನ್ನು ಸರ್ಕಾರ ಮನ್ನಾ ಮಾಡಲೂಬಹುದು. ಹೀಗಾಗಿ ಅಧಿಕಾರದಲ್ಲಿರುವ ಪಕ್ಷಕ್ಕೆ ಬೇಕಾದ ಅಧಿಕಾರಿಗೆ ಬಾಗಿಲು ಬೇಗ ತೆರೆಯುವ, ಬೇಡವಾದವರಿಗೆ ತಡವಾಗಿ ತೆರೆಯುವ ಅವಕಾಶ ನಿಯಮದಲ್ಲೇ ಇದೆ ಎಂಬ ಆಕ್ಷೇಪವಿದೆ.

ವಜಾಗೊಂಡವರ ಸ್ಥಿತಿ ಬೇರೆ. ಭ್ರಷ್ಟಾಚಾರ ಅಥವಾ ರಾಜ್ಯದ್ರೋಹದ ಕಾರಣಕ್ಕೆ ಸರ್ಕಾರಿ ಸೇವೆಯಿಂದ ವಜಾ ಆದವರು ಜನಪ್ರಾತಿನಿಧ್ಯ ಕಾಯ್ದೆಯ 9ನೇ ಕಲಮಿನಂತೆ ಐದು ವರ್ಷ ಸ್ಪರ್ಧಿಸುವಂತಿಲ್ಲ. ವಜಾ ಆಗಿ ಐದು ವರ್ಷ ಕಳೆಯದವರು ತಮ್ಮ ವಜಾಕ್ಕೆ ಈ ಕಾರಣಗಳಿಲ್ಲ ಎಂಬ ಚುನಾವಣಾ ಆಯೋಗದ ಪ್ರಮಾಣಪತ್ರವನ್ನು ನಾಮಪತ್ರದೊಂದಿಗೆ ಲಗತ್ತಿಸಬೇಕು. ಗಡಿ ಭದ್ರತಾ ಪಡೆಯಿಂದ ವಜಾಗೊಂಡಿದ್ದ ತೇಜ್ ಬಹಾದ್ದೂರ್ ಯಾದವ್ ಅವರು 2019ರಲ್ಲಿ ವಾರಾಣಸಿ ಲೋಕಸಭಾ ಕ್ಷೇತ್ರಕ್ಕೆ ಸಲ್ಲಿಸಿದ್ದ ನಾಮಪತ್ರ ಈ ಪ್ರಮಾಣಪತ್ರವಿಲ್ಲದ ಕಾರಣಕ್ಕೇ ತಿರಸ್ಕೃತವಾಯಿತು.

ದಿನಾಂಕದ ಮಹತ್ವ

ಅಭ್ಯರ್ಥಿ ಅರ್ಹನೋ ಅಲ್ಲವೋ ಎಂಬುದನ್ನು ನಾಮಪತ್ರ ಪರಿಶೀಲನೆಗೆ ನಿಗದಿಯಾದ ದಿನದಂದು ನೋಡಲಾಗುತ್ತದೆ. ಆದ್ದರಿಂದ ರಾಜೀನಾಮೆ ಪತ್ರ ಕೊಟ್ಟರಷ್ಟೇ ಸಾಲದು. ಆ ದಿನದೊಳಗೆ ಅದು ಅಂಗೀಕಾರವಾಗಿ ಸೇವೆಯ ನಂಟು ಕಡಿದಿರಬೇಕು. ಸರ್ಕಾರಿ ವಸತಿಯಲ್ಲಿದ್ದವರು ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನೂ ಒದಗಿಸಬೇಕು. ಪಶ್ಚಿಮ ಬಂಗಾಳದ ಮಾಜಿ ಐಪಿಎಸ್ ಅಧಿಕಾರಿ ದೇಬಾಶಿಶ್ ಧರ್ ಅವರನ್ನು 2024ರಲ್ಲಿ ಬಿಜೆಪಿ ಬೀರಭೂಮ್ ಲೋಕಸಭಾ ಕ್ಷೇತ್ರದಿಂದ ಕಣಕ್ಕಿಳಿಸಿತ್ತು. ಬಾಕಿ ಇಲ್ಲವೆಂಬ ಪ್ರಮಾಣಪತ್ರ ಹಾಜರುಪಡಿಸಲಿಲ್ಲವೆಂದು ಅವರ ನಾಮಪತ್ರ ತಿರಸ್ಕೃತವಾಗಿ, ಪಕ್ಷ ಬೇರೊಬ್ಬರನ್ನು ನಿಲ್ಲಿಸಬೇಕಾಯಿತು. ಈ ಎರಡೂ ಉದಾಹರಣೆಗಳು ಲೋಕಸಭೆಗೆ ಸೇರಿದವಾದರೂ ನಿಯಮ ವಿಧಾನಸಭೆಗೂ ಒಂದೇ.

ರಾಜೀನಾಮೆಯ ದಿನಾಂಕ ಎಷ್ಟು ದೊಡ್ಡ ಪ್ರಶ್ನೆಯಾಗಬಹುದು ಎಂಬುದಕ್ಕೆ ಇಂದಿರಾ ಗಾಂಧಿ ಪ್ರಕರಣವೇ ಸಾಕ್ಷಿ. ಅವರ ಚುನಾವಣೆಗೆ ದುಡಿದ ಯಶಪಾಲ್ ಕಪೂರ್ ಆ ಹೊತ್ತಿಗೆ ಸರ್ಕಾರಿ ಸೇವೆಯಿಂದ ನಿಜವಾಗಿ ಹೊರಬಂದಿದ್ದರೇ ಎಂಬುದು 1975ರ ಜೂನ್ 12ರ ಅಲಹಾಬಾದ್ ಹೈಕೋರ್ಟ್ ತೀರ್ಪಿನ ಮುಖ್ಯ ಅಂಶಗಳಲ್ಲೊಂದಾಗಿತ್ತು. ಆ ತೀರ್ಪನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು.

ಕರ್ನಾಟಕದ ಅನುಭವ

ರಾಜ್ಯದಲ್ಲಿ ಈ ದಾರಿಯಲ್ಲಿ ಅತಿ ದೂರ ಸಾಗಿದವರು ಬಿ.ಸಿ. ಪಾಟೀಲ್. ಪೊಲೀಸ್ ಇಲಾಖೆಯಲ್ಲಿದ್ದುಕೊಂಡೇ ಚಲನಚಿತ್ರಗಳಲ್ಲಿ ಹೆಸರು ಮಾಡಿದ ಅವರು 2004ರಲ್ಲಿ ಜಾತ್ಯತೀತ ಜನತಾದಳದಿಂದ, 2008 ಮತ್ತು 2018ರಲ್ಲಿ ಕಾಂಗ್ರೆಸ್‌ನಿಂದ, 2019ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಹಿರೇಕೆರೂರಿನಲ್ಲಿ ಗೆದ್ದರು. 2020ರಿಂದ 2023ರವರೆಗೆ ಕೃಷಿ ಸಚಿವರಾಗಿದ್ದರು. 2013 ಮತ್ತು 2023ರಲ್ಲಿ ಯು.ಬಿ. ಬಣಕಾರ ಅವರೆದುರು ಸೋತರು. ಅವರ ಯಶಸ್ಸಿನಲ್ಲಿ ಖಾಕಿಗಿಂತ ಬೆಳ್ಳಿತೆರೆಯ ಜನಪ್ರಿಯತೆ ಮತ್ತು ಒಂದೇ ಕ್ಷೇತ್ರದಲ್ಲಿ ಬೇರೂರಿದ್ದು ಹೆಚ್ಚು ಕೆಲಸ ಮಾಡಿದವು ಎನ್ನಬಹುದು.

ಇದಕ್ಕೆ ತದ್ವಿರುದ್ಧ ಉದಾಹರಣೆ ಅನುಪಮಾ ಶೆಣೈ ಅವರದು. ಕೂಡ್ಲಿಗಿಯಲ್ಲಿ ಡಿವೈಎಸ್ಪಿ ಆಗಿದ್ದ ಅವರು ರಾಜಕೀಯ ಹಸ್ತಕ್ಷೇಪವನ್ನು ಬಹಿರಂಗವಾಗಿ ಆಕ್ಷೇಪಿಸಿ 2016ರಲ್ಲಿ ರಾಜೀನಾಮೆ ನೀಡಿದಾಗ ನಾಡಿನಾದ್ಯಂತ ಸುದ್ದಿಯಾಯಿತು. 2017ರಲ್ಲಿ ಭಾರತೀಯ ಜನಶಕ್ತಿ ಕಾಂಗ್ರೆಸ್ ಎಂಬ ಪಕ್ಷ ಕಟ್ಟಿ, 2018ರಲ್ಲಿ ಉಡುಪಿ ಜಿಲ್ಲೆಯ ಕಾಪು ಕ್ಷೇತ್ರದಿಂದ ಸ್ಪರ್ಧಿಸಿದರು. ಸುದ್ದಿಯಲ್ಲಿ ಸಿಕ್ಕ ಬೆಂಬಲ ಮತಗಳಾಗಿ ಬರಲಿಲ್ಲ. ಬೂತ್ ಮಟ್ಟದ ಕಾರ್ಯಕರ್ತರಿಲ್ಲದ ಹೊಸ ಪಕ್ಷಕ್ಕೆ ಒಳ್ಳೆಯ ಹೆಸರೊಂದೇ ಆಸರೆಯಾಗದು.

ದೊಡ್ಡ ಪಕ್ಷದ ಟಿಕೆಟ್ ಸಿಕ್ಕರೂ ಗೆಲುವು ಖಚಿತವಲ್ಲ. ಭಾಸ್ಕರ ರಾವ್ ಅವರು ಸ್ವಯಂ ನಿವೃತ್ತಿ ಪಡೆದು 2022ರಲ್ಲಿ ಆಮ್ ಆದ್ಮಿ ಪಕ್ಷ ಸೇರಿದರು. 2023ರಲ್ಲಿ ಬಿಜೆಪಿಗೆ ಬಂದು ಚಾಮರಾಜಪೇಟೆಯಲ್ಲಿ ಕಾಂಗ್ರೆಸ್ಸಿನ ಜಮೀರ್ ಅಹಮದ್ ಖಾನ್ ಅವರನ್ನು ಎದುರಿಸಿದರು. ಸೋಲಿನ ಅಂತರ 50 ಸಾವಿರ ಮತಗಳನ್ನು ಮೀರಿತು. ಇಡೀ ನಗರದ ಕಾನೂನು ಸುವ್ಯವಸ್ಥೆ ನೋಡಿಕೊಂಡ ಅನುಭವವು ಒಂದು ಕ್ಷೇತ್ರದ ನೆಲಗಟ್ಟಿನ ಲೆಕ್ಕಾಚಾರದ ಮುಂದೆ ನಿಲ್ಲಲಿಲ್ಲ.

ಲೋಕಸಭೆಯ ಮಾತು ಬಂದರೆ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರು ನೆನಪಾಗುತ್ತದೆ. ಅವರ ಹೆಸರಿನಲ್ಲಿ ಶಂಕರ್‌ನಾಗ್ ಅಭಿನಯದ ಚಿತ್ರವೇ ಬಂದಿತ್ತು. 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಸಿ.ಕೆ. ಜಾಫರ್ ಷರೀಫರಂತಹ ಘಟಾನುಘಟಿಯನ್ನು ಮಣಿಸಿದ ಅವರು, 2009ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಬೆಂಗಳೂರು ಕೇಂದ್ರದಲ್ಲಿ ಸೋತರು.

ಹೊರರಾಜ್ಯಗಳಲ್ಲಿ

ಕನ್ನಡಿಗರಿಗೆ ಪರಿಚಿತ ಹೆಸರು ಕೆ. ಅಣ್ಣಾಮಲೈ. 2011ರ ತಂಡದ ಕರ್ನಾಟಕ ಶ್ರೇಣಿಯ ಐಪಿಎಸ್ ಅಧಿಕಾರಿಯಾಗಿ ಕಾರ್ಕಳದಲ್ಲಿ ವೃತ್ತಿ ಆರಂಭಿಸಿ, ಉಡುಪಿ ಮತ್ತು ಚಿಕ್ಕಮಗಳೂರಿನ ಎಸ್‌ಪಿ, ಬೆಂಗಳೂರು ದಕ್ಷಿಣದ ಡಿಸಿಪಿ ಆಗಿದ್ದ ಅವರು 2019ರ ಮೇ ತಿಂಗಳಲ್ಲಿ ರಾಜೀನಾಮೆ ನೀಡಿದರು. 2020ರಲ್ಲಿ ಬಿಜೆಪಿ ಸೇರಿ, 2021ರಲ್ಲಿ ತವರು ಜಿಲ್ಲೆ ಕರೂರಿನ ಅರವಕುರಿಚಿ ಕ್ಷೇತ್ರದಿಂದ ತಮಿಳುನಾಡು ವಿಧಾನಸಭೆಗೆ ಸ್ಪರ್ಧಿಸಿದರು. ಡಿಎಂಕೆ ಅಭ್ಯರ್ಥಿ ಆರ್. ಇಳಂಗೋ ಎದುರು 24 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಹೆಸರು ಗಳಿಸಿದ್ದು ಕರ್ನಾಟಕದಲ್ಲಿ, ಮತ ಕೇಳಿದ್ದು ತಮಿಳುನಾಡಿನಲ್ಲಿ. ಆದರೂ ಸೋತ ಕೆಲವೇ ವಾರಗಳಲ್ಲಿ, 2021ರ ಜುಲೈನಲ್ಲಿ, ಅವರು ಪಕ್ಷದ ರಾಜ್ಯಾಧ್ಯಕ್ಷರಾದರು. 2025ರ ಏಪ್ರಿಲ್‌ವರೆಗೆ ಆ ಸ್ಥಾನದಲ್ಲಿದ್ದರು.

ಬಿಹಾರದ ಬಕ್ಸರ್ ಕ್ಷೇತ್ರದ ಕಥೆ ಇನ್ನೂ ಕುತೂಹಲಕರ. ರಾಜ್ಯದ ಡಿಜಿಪಿ ಆಗಿದ್ದ ಗುಪ್ತೇಶ್ವರ ಪಾಂಡೆ 2020ರ ಸೆಪ್ಟೆಂಬರಿನಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಸ್ವಯಂ ನಿವೃತ್ತಿ ಪಡೆದರು. ಮೂರು ತಿಂಗಳ ಸೂಚನಾ ಅವಧಿಯನ್ನು ಸರ್ಕಾರ ಮನ್ನಾ ಮಾಡಿತು. ಕೆಲವೇ ದಿನಗಳಲ್ಲಿ ಸಂಯುಕ್ತ ಜನತಾದಳ ಸೇರಿದರು. ಆದರೆ ಬಕ್ಸರ್ ಕ್ಷೇತ್ರ ಮಿತ್ರಪಕ್ಷ ಬಿಜೆಪಿಯ ಪಾಲಾಯಿತು. ಆ ಪಕ್ಷ ಟಿಕೆಟ್ ಕೊಟ್ಟದ್ದು ಪರಶುರಾಮ ಚತುರ್ವೇದಿ ಎಂಬ ಮಾಜಿ ಕಾನ್‌ಸ್ಟೆಬಲ್‌ಗೆ. ಇಲಾಖೆಯ ಮುಖ್ಯಸ್ಥರಿಗೆ ಸಿಗದ ಟಿಕೆಟ್ ಅದೇ ಇಲಾಖೆಯ ಪೇದೆಯಾಗಿದ್ದವರಿಗೆ ಸಿಕ್ಕಿತು. ಅವರೂ ಗೆಲ್ಲಲಿಲ್ಲ, ಸ್ಥಾನ ಕಾಂಗ್ರೆಸ್ಸಿನ ಪಾಲಾಯಿತು. ಮುಂದೆ 2025ರಲ್ಲಿ ಅದೇ ಬಕ್ಸರ್‌ನಿಂದ ಅಸ್ಸಾಂ-ಮೇಘಾಲಯ ಶ್ರೇಣಿಯ ಮಾಜಿ ಐಪಿಎಸ್ ಅಧಿಕಾರಿ ಆನಂದ್ ಮಿಶ್ರಾ ಬಿಜೆಪಿ ಟಿಕೆಟ್‌ನಲ್ಲಿ ಗೆದ್ದರು. 2024ರಲ್ಲಿ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತಿದ್ದರು ಎಂಬುದು ಗಮನಾರ್ಹ. 2025ರಲ್ಲೇ ಜಮಾಲ್‌ಪುರ ಮತ್ತು ಅರಾರಿಯಾದಲ್ಲಿ ಪಕ್ಷೇತರರಾಗಿದ್ದ ಮತ್ತೊಬ್ಬ ಪ್ರಸಿದ್ಧ ಮಾಜಿ ಅಧಿಕಾರಿ ಶಿವದೀಪ್ ಲಾಂಡೆ ಎರಡೂ ಕಡೆ ಸೋತರು.

ಉತ್ತರ ಪ್ರದೇಶದಲ್ಲಿ ಕಾನ್ಪುರದ ಪೊಲೀಸ್ ಆಯುಕ್ತರಾಗಿದ್ದ ಅಸೀಮ್ ಅರುಣ್ 2022ರ ಜನವರಿ 8ರಂದು, ಅಂದರೆ ಚುನಾವಣಾ ದಿನಾಂಕ ಪ್ರಕಟವಾದ ದಿನವೇ, ಸ್ವಯಂ ನಿವೃತ್ತಿಯ ನಿರ್ಧಾರ ಪ್ರಕಟಿಸಿದರು. ಬಿಜೆಪಿಯಿಂದ ಕನೌಜ್‌ನಲ್ಲಿ ಗೆದ್ದು ಸಚಿವರಾದರು. ಕಾನೂನಿನ ಪ್ರಕಾರ ತಪ್ಪೇನೂ ಆಗಲಿಲ್ಲ. ಆದರೆ ಇಂತಹ ಪ್ರಕರಣಗಳಲ್ಲಿ ಹುದ್ದೆಯ ಕೊನೆಯ ದಿನಗಳ ನಿರ್ಧಾರಗಳ ಬಗ್ಗೆ ಎದುರಾಳಿಗಳಿಗೆ ಅನುಮಾನ ಮೂಡುವುದು ಸಹಜ.

ವಿರಾಮದ ಅವಧಿ ಬೇಕೇ?

ನಿವೃತ್ತ ಐಪಿಎಸ್ ಅಧಿಕಾರಿ ಖಾಸಗಿ ವಾಣಿಜ್ಯ ಸಂಸ್ಥೆಯ ಉದ್ಯೋಗ ಸೇರಬೇಕಾದರೆ ಮೊದಲ ಒಂದು ವರ್ಷ ಸರ್ಕಾರದ ಅನುಮತಿ ಬೇಕು. ರಾಜಕೀಯ ಪಕ್ಷ ಸೇರಲು ಒಂದು ದಿನವೂ ಕಾಯಬೇಕಿಲ್ಲ. ಈ ಅಸಮತೆಯನ್ನು ಸರಿಪಡಿಸಲು ಚುನಾವಣಾ ಆಯೋಗ 2012ರಲ್ಲಿ ಶಿಫಾರಸು ಮಾಡಿತ್ತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. 2022ರಲ್ಲಿ ಇದೇ ಬೇಡಿಕೆಯ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಇದು ಶಾಸಕಾಂಗ ತೀರ್ಮಾನಿಸಬೇಕಾದ ವಿಷಯವೆಂದು ನ್ಯಾಯಾಲಯ ಅರ್ಜಿಯನ್ನು ವಜಾಗೊಳಿಸಿತು.

ವಿರೋಧಿಸುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ನೌಕರಿ ಬಿಟ್ಟವನು ಸಾಮಾನ್ಯ ನಾಗರಿಕ, ಅವನನ್ನು ಕಾಯಿಸುವುದೇಕೆ ಎಂದು ಅವರು ಕೇಳುತ್ತಾರೆ. ವಕೀಲರು, ವೈದ್ಯರು, ಉದ್ಯಮಿಗಳು ಶಾಸಕರಾಗಬಹುದಾದರೆ ಕಾನೂನಿನ ಜಾರಿಯನ್ನು ಹತ್ತಿರದಿಂದ ಕಂಡವರೇಕೆ ಬೇಡ? ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಪೊಲೀಸ್ ಸುಧಾರಣೆಗೆ ನೀಡಿದ ನಿರ್ದೇಶನಗಳನ್ನು ಸದನದಲ್ಲಿ ಸಮರ್ಥವಾಗಿ ಪ್ರಸ್ತಾಪಿಸಬಲ್ಲವರು ಅವರೇ ಅಲ್ಲವೇ?

ಆದರೆ ಪೊಲೀಸ್ ಹುದ್ದೆ ಇತರ ಹುದ್ದೆಗಳಂತಲ್ಲ. ಯಾರ ಮೇಲೆ ಪ್ರಕರಣ ದಾಖಲಿಸಬೇಕು, ಯಾವ ಮೆರವಣಿಗೆಗೆ ಅನುಮತಿ ಕೊಡಬೇಕು ಎಂಬಂತಹ ತೀರ್ಮಾನಗಳು ಅದರ ಕೈಯಲ್ಲಿವೆ. ಇದೇ ಕಾರಣಕ್ಕೆ ಚುನಾವಣೆಗೆ ಮುನ್ನ ಆಯೋಗವು ಅಧಿಕಾರಿಗಳನ್ನು ತವರು ಜಿಲ್ಲೆಯಿಂದ ಹೊರಗೆ ವರ್ಗಾಯಿಸುತ್ತದೆ. ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಒಂದೇ ಜಿಲ್ಲೆಯಲ್ಲಿದ್ದವರನ್ನೂ ಎತ್ತಂಗಡಿ ಮಾಡುತ್ತದೆ. ಹೀಗೆ ನಿಷ್ಪಕ್ಷಪಾತಕ್ಕಾಗಿ ವರ್ಗಾವಣೆಗೊಂಡ ಅಧಿಕಾರಿಯೇ ರಾಜೀನಾಮೆ ನೀಡಿ ಅದೇ ಜಿಲ್ಲೆಯಲ್ಲಿ ಅಭ್ಯರ್ಥಿಯಾಗಿ ನಿಲ್ಲಬಹುದು. ಠಾಣೆಗೆ ದೂರು ಹೊತ್ತು ಹೋಗುವ ಬಡವನಿಗೆ, ತನ್ನೆದುರು ಕುಳಿತವರು ಕಾನೂನು ನೋಡುತ್ತಿದ್ದಾರೋ, ಮುಂದಿನ ಚುನಾವಣೆ ನೋಡುತ್ತಿದ್ದಾರೋ ಎಂಬ ಸಂಶಯ ಹುಟ್ಟಿದರೆ, ಅದರ ಬೆಲೆಯನ್ನು ತೆರುವವರು ರಾಜಕೀಯದ ಆಸೆಯಿಲ್ಲದೆ ದುಡಿಯುವ ಉಳಿದ ಅಧಿಕಾರಿಗಳೂ ಹೌದು.

ಹಳೆಯ ಸಹೋದ್ಯೋಗಿಗಳ ನೆರವು

ಮಾಜಿ ಅಧಿಕಾರಿಗೆ ಇಲಾಖೆಯಲ್ಲಿ ಸ್ನೇಹಿತರಿರುವುದು ಸಹಜ. ಆದರೆ ಅಭ್ಯರ್ಥಿಯು ತನ್ನ ಗೆಲುವಿಗಾಗಿ ಪೊಲೀಸ್ ಪಡೆಯ ಸದಸ್ಯರ ನೆರವು ಪಡೆಯುವುದನ್ನು ಜನಪ್ರಾತಿನಿಧ್ಯ ಕಾಯ್ದೆಯ 123(7)ನೇ ಕಲಮು ಭ್ರಷ್ಟ ಆಚರಣೆ ಎಂದು ಕರೆಯುತ್ತದೆ. ಫಲಿತಾಂಶದ ಬಳಿಕ 45 ದಿನಗಳೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಆರೋಪ ಸಾಬೀತಾದರೆ ಆಯ್ಕೆ ರದ್ದಾಗುತ್ತದೆ. ಆರು ವರ್ಷಗಳವರೆಗೆ ಅನರ್ಹತೆಯೂ ಬರಬಹುದು. ಚುನಾವಣಾ ಕರ್ತವ್ಯಕ್ಕೆ ನಿಯೋಜಿತರಾದ ಪೊಲೀಸರು ಆ ಅವಧಿಯಲ್ಲಿ ಆಯೋಗದ ಅಧೀನದಲ್ಲಿರುತ್ತಾರೆ.

ಮತದಾರರು ಗಮನಿಸಬೇಕಾದದ್ದು

ಪ್ರತಿ ಅಭ್ಯರ್ಥಿಯೂ ನಾಮಪತ್ರದೊಂದಿಗೆ ಸಲ್ಲಿಸುವ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ಸರ್ಕಾರಿ ಬಾಕಿ, ವಿದ್ಯಾರ್ಹತೆಗಳ ವಿವರವಿರುತ್ತದೆ. ಆದರೆ ಇಲಾಖಾ ವಿಚಾರಣೆ, ಅಮಾನತು, ವರ್ಗಾವಣೆಗಳ ವಿವರವನ್ನು ಅದು ಕೇಳುವುದಿಲ್ಲ. ಮಾಜಿ ಪೊಲೀಸ್ ಅಧಿಕಾರಿಯ ವಿಷಯದಲ್ಲಿ ಮುಖ್ಯವಾದ ಮಾಹಿತಿಯೇ ಇದು. ಆದ್ದರಿಂದ ಅದನ್ನು ಪ್ರಚಾರಕ್ಕೆ ಬಂದವರನ್ನೇ ನೇರವಾಗಿ ಕೇಳಬೇಕು. ಸೇವೆ ಬಿಟ್ಟದ್ದು ಯಾವಾಗ, ಪಕ್ಷ ಸೇರಿದ್ದು ಯಾವಾಗ, ನಡುವೆ ಎಷ್ಟು ದಿನ? ಈ ಕ್ಷೇತ್ರದಲ್ಲಿ ಅಧಿಕಾರದಲ್ಲಿದ್ದರೇ? ಆಗ ದಾಖಲಾದ ರಾಜಕೀಯ ಪ್ರಕರಣಗಳೇನಾದವು?

ಸಿನಿಮಾದ ದಕ್ಷ ಅಧಿಕಾರಿ ಒಬ್ಬನೇ ಹೋರಾಡಿ ಗೆಲ್ಲುತ್ತಾನೆ. ಶಾಸಕನ ಕೆಲಸ ಹಾಗಲ್ಲ. ಅಲ್ಲಿ ಆಜ್ಞೆ ನಡೆಯುವುದಿಲ್ಲ. ಮನವೊಲಿಸಬೇಕು, ಚರ್ಚಿಸಬೇಕು, ಬಜೆಟ್ ಓದಬೇಕು, ಐದು ವರ್ಷ ಜನರ ಅಹವಾಲು ಕೇಳಬೇಕು. ಇದಕ್ಕೆ ಸಿದ್ಧರಿರುವವರು ಖಾಕಿಯಿಂದ ಬಂದರೂ ಸ್ವಾಗತಾರ್ಹರೇ. ಆದರೆ ಅವರು ಯಾವ ದಿನದಿಂದ ರಾಜಕಾರಣಿಯಾದರು ಎಂಬುದನ್ನು ತಿಳಿಯುವ ಹಕ್ಕು ಮತದಾರನಿಗಿದೆ. ಕಾನೂನು ಕೇಳದ ಈ ಪ್ರಶ್ನೆಯನ್ನು ಸದ್ಯಕ್ಕೆ ಕೇಳಬೇಕಾದವನು ಆತನೇ.