ಹದಿಹರೆಯದ ಮಕ್ಕಳ ಊಟ: ಮನೆಯವರು, ಅಂಗಡಿಯವರು ತಿಳಿದಿರಬೇಕಾದ್ದು

ಕೊಳ್ಳೇಗಾಲ: ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಮಧ್ಯಾಹ್ನದ ಬಿಸಿಯೂಟ ಇದೆ. ಜತೆಗೆ 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, 2024ರಿಂದ ವಾರಕ್ಕೆ ಮೂರು ದಿನ ಆ ಹಾಲಿನ ಜತೆ ರಾಗಿ ಮಾಲ್ಟ್, ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ ಮಗು ಅಕ್ಷರ ದಾಸೋಹದ ಲೆಕ್ಕದಿಂದ ಹೊರಗೆ. ಹನೂರು ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ ಹಿಡಿದು ಕೊಳ್ಳೇಗಾಲಕ್ಕೆ ಓದಲು ಬರುವ ಮಕ್ಕಳು ತಿಂಡಿ ಬಿಟ್ಟು ಬಂದರೆ, ಮಧ್ಯಾಹ್ನಕ್ಕೆ ಉಳಿಯುವುದು ಬಸ್ ಸ್ಟ್ಯಾಂಡ್ ಪಕ್ಕದ ಟೀ, ಬನ್ನು, ಚಿಪ್ಸ್ ಪೊಟ್ಟಣ. ಮೈ ಬೆಳೆಯುವ ವಯಸ್ಸಿನಲ್ಲೇ ಊಟ ಕಮ್ಮಿ ಆಗೋದು ಹೀಗೆ.

ಈ ವಯಸ್ಸಿನಲ್ಲಿ ಮೊದಲು ಕೈಕೊಡುವುದು ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಗಂಡುಮಕ್ಕಳಲ್ಲೂ ಶೇ 31. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗೆ ಇಳಿದರೆ ರಕ್ತಹೀನತೆ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠ ಕೇಳುವಾಗ ತೂಕಡಿಕೆ, ತಲೆಸುತ್ತು ಅದರ ಲಕ್ಷಣ. ಮನೆಯಲ್ಲಿ ಇದಕ್ಕೆ ‘ಸೋಮಾರಿತನ’ ಅಂತ ಹೆಸರಿಟ್ಟು ಬೈಯುವುದೇ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹುಡುಗನಿಗೆ 22. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಇರುವುದು ಒಂದು ಮಿಲಿಗ್ರಾಂಗೂ ಕಡಿಮೆ. ರಾಗಿಯಲ್ಲಿ ನಾಲ್ಕೂವರೆಗೆ ಹತ್ತಿರ, ಹುರುಳಿಯಲ್ಲಿ ಅದಕ್ಕಿಂತಲೂ ಜಾಸ್ತಿ. ರಾಗಿಯ ಸುಣ್ಣದಂಶವಂತೂ ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು. ಅಕ್ಕಿ ಇದರ ಹತ್ತಿರಕ್ಕೂ ಬರಲ್ಲ.

ಅಂದರೆ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಮುದ್ದೆ, ಉಪ್ಸಾರು, ಹುರುಳಿಕಟ್ಟಿನ ಸಾರು, ಅವರೆಕಾಳು, ಅಲಸಂದೆ, ದಂಟು, ನುಗ್ಗೆಸೊಪ್ಪು ನಮ್ಮ ಕಡೆಯ ಊಟವೇ. ತೊಂದರೆ ಇರುವುದು ಎರಡು ಕಡೆ. ಒಂದು, ಮಕ್ಕಳ ತಟ್ಟೆಗೆ ತಿಳಿ ಸಾರು ಬೀಳುತ್ತದೆ, ಕಾಳು ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಇನ್ನೊಂದು, ಊಟದ ಹಿಂದೆಯೇ ಟೀ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಟೀ ತಡೆಯುತ್ತದೆ, ಹಾಗಾಗಿ ಒಂದು ಗಂಟೆ ಬಿಟ್ಟು ಕುಡಿಯುವುದು ಮೇಲು. ನಿಂಬೆಹುಳಿ, ಸೀಬೆಹಣ್ಣು, ನೆಲ್ಲಿಕಾಯಿ ಜತೆಗಿದ್ದರೆ ಅದು ಚೆನ್ನಾಗಿ ಹತ್ತುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುವ ನೆಲ್ಲಿಕಾಯಿ ಯಳಂದೂರಿನವರಿಗೆ ಕೈಗೆಟುಕುವ ದೂರದಲ್ಲೇ ಇದೆ. ಕಾಳು ಮೊಳಕೆ ಕಟ್ಟಿದರೂ ಇದೇ ಲಾಭ.

ವಾರಕ್ಕೊಂದರಂತೆ ಶಾಲೆಯಲ್ಲಿ, ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಅಂಗನವಾಡಿಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜತೆಗೆ ಫೋಲಿಕ್ ಆಮ್ಲ ಇರುತ್ತದೆ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಊಟದ ನಂತರ ನುಂಗಿಸಬೇಕು. ಮಲ ಕಪ್ಪಗಾದರೆ ಗಾಬರಿ ಬೇಡ. ಒಂದು ಎಚ್ಚರಿಕೆ ಮಾತ್ರ ಇದೆ: ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಕುಡಗೋಲು ಕಣ ರಕ್ತಹೀನತೆಯೂ ಉಂಟು. ಅದು ಹುಟ್ಟಿನಿಂದ ಬರುವ ಕಾಯಿಲೆ, ಊಟದಿಂದ ವಾಸಿಯಾಗದು. ಅಂಥ ಮಕ್ಕಳಿಗೆ ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ಕೊಡಬಾರದು. ರಕ್ತಪರೀಕ್ಷೆ ಮೊದಲು ಆಗಬೇಕು.

ಅಂಗಡಿಯವರಿಗೆ

ಕೇಂದ್ರ ಆಹಾರ ಸುರಕ್ಷತೆ ಪ್ರಾಧಿಕಾರದ 2020ರ ನಿಯಮದಂತೆ ಶಾಲೆ ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲ. ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆಯೇ ‘ಮಕ್ಕಳಿಗೆ ಸೂಕ್ತವಲ್ಲ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಬಹುದು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಣ್ಣವೂ ನಿಷಿದ್ಧ. ಕೆಂಪಗಿಲ್ಲದ ಗೋಬಿಯನ್ನು ಮಕ್ಕಳು ಕೊಳ್ಳಲ್ಲ ಅನ್ನುವ ಮಾತಿದೆ. ಒಣಮೆಣಸಿನಕಾಯಿ ರುಬ್ಬಿ ಹಾಕಿದರೂ ಬಣ್ಣ ಬರುತ್ತದೆ, ಅಷ್ಟು ಮಿರುಗುವುದಿಲ್ಲ ಅಷ್ಟೇ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದಕ್ಕೂ ಮಿತಿ ಇದೆ: ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ಮೀರಿದರೆ ಬಳಸುವಂತಿಲ್ಲ.

ಇದರಿಂದ ವ್ಯಾಪಾರ ನಿಲ್ಲಬೇಕೆಂದಿಲ್ಲ. ಬೇಯಿಸಿದ ಕಡ್ಲೆಕಾಯಿ, ಕಡ್ಲೆಕಾಳು ಉಸಲಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಮಜ್ಜಿಗೆ ಇಟ್ಟುಕೊಳ್ಳಬಹುದು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಅದೇ ದುಡ್ಡಿನ ಚಿಪ್ಸ್ ಪೊಟ್ಟಣದಲ್ಲಿ ಅಷ್ಟು ಸಿಗುವುದಿಲ್ಲ. ಮನೆಯಿಂದ ತಿಂಡಿ ತಿನ್ನದೆ ಬಸ್ ಹತ್ತುವ ಮಕ್ಕಳಿಗೆ ರಾತ್ರಿಯೇ ಹುರಿದ ಕಡ್ಲೆಬೀಜ, ಬೆಲ್ಲದ ಪೊಟ್ಟಣ ಚೀಲಕ್ಕೆ ಹಾಕಿಟ್ಟರೆ ಬಸ್ಸಲ್ಲೇ ಕೂತು ತಿನ್ನಬಹುದು.